ಬಿದ್ದವನನ್ನು ಎಬ್ಬಿಸಿದ ಪೈಲ್ವಾನ್ ಕಾಕಾ

ಹೋದ ತಿಂಗಳು ಅಮ್ಮನ ಮೊಣಕಾಲಿಗೆ ಹಚ್ಚಲೆಂದು ನನ್ನ ಹೆಂಡತಿ ಎಳ್ಳೆಣ್ಣೆಗೆ ಕರ್ಪೂರ ಹಾಕಿ ಬೆಚ್ಚಗೆ ಮಾಡುತ್ತಿದ್ದಳು. ಆ ವಾಸನೆ ಪಡಸಾಲೆಗೆ ಬಂದದ್ದೇ ತಡ, ಪೈಲ್ವಾನ್ ಕಾಕಾ ನೆನಪಾದರು. ನಿಟ್ಟುವಳ್ಳಿಯಲ್ಲಿ ನಮ್ಮ ಎದುರು ಮನೆಯವರು. ಬೆಳಗಾದರೆ ಜಗಲಿಯ ಮೇಲೆ ಕೂತು ಹೆಗಲಿಗೆ, ತೋಳಿಗೆ ಇದೇ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಕುಸ್ತಿ ಬಿಟ್ಟು ಎಷ್ಟೋ ವರ್ಷವಾಗಿತ್ತು, ಈ ರೂಢಿ ಮಾತ್ರ ಬಿಟ್ಟಿರಲಿಲ್ಲ. ಅವರ ಹೆಂಡತಿ ತೀರಿಕೊಂಡಿದ್ದರು. ಹೈಸ್ಕೂಲು ಓದುವ ಮಗಳೊಬ್ಬಳು ಜೊತೆಗಿದ್ದಳು.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಡಿಪ್ಲೊಮಾ ಓದುತ್ತಿದ್ದೆ. ನನಗೂ ನನ್ನ ಗೆಳೆಯನಿಗೂ ವಿಡಿಯೋ ಗೇಮ್ ಪಾರ್ಲರಿನ ಹುಚ್ಚು. ಇಬ್ಬರು ಎದುರುಬದುರು ನಿಂತು ಹೊಡೆದಾಡುವ ವಿದೇಶಿ ಆಟವೊಂದನ್ನು ಆಡಿ ಆಡಿ, ಕೊನೆಗೆ ಅದೇ ಮಾದರಿಯಲ್ಲಿ ನಮ್ಮ ಕಡೆಯ ಆಳುಗಳನ್ನಿಟ್ಟು ನಾವೇ ಒಂದು ಆಟ ಮಾಡೋಣವೆಂದು ಹೊರಟೆವು. ಯಾರೂ ಕೇಳಿರಲಿಲ್ಲ, ಯಾರಿಗೂ ಮಾರುವುದೂ ಇರಲಿಲ್ಲ. ಬರೀ ಆ ಆಟದ ಮೇಲಿನ ಅಭಿಮಾನ. ಗೆಳೆಯನ ಅಣ್ಣ ಸರಸ್ವತಿ ನಗರದಲ್ಲಿ ಡಿಟಿಪಿ ಅಂಗಡಿ ಇಟ್ಟು ಮದುವೆ ಕಾರ್ಡು ಮಾಡಿಕೊಡುತ್ತಿದ್ದ. ಭಾನುವಾರ ಅಲ್ಲಿಯ ಕಂಪ್ಯೂಟರ್ ನಮ್ಮದು. ಗೆಳೆಯ ಪ್ರೋಗ್ರಾಂ ಬರೆಯುತ್ತಿದ್ದ, ಚಿತ್ರ ನನ್ನ ಪಾಲಿನದು. ತೆರೆಯ ಮೇಲಿನ ಆಳು ಒಂದು ಗುದ್ದು ಹೊಡೆಯಬೇಕೆಂದರೂ ಕೈ ಎತ್ತಿದ್ದು, ಚಾಚಿದ್ದು, ಹಿಂದಕ್ಕೆಳೆದದ್ದು, ಹೀಗೆ ಬೇರೆ ಬೇರೆ ಪುಟ್ಟ ಚಿತ್ರಗಳು ಬೇಕು. ಅವಕ್ಕೆ ಸ್ಪ್ರೈಟ್ ಅನ್ನುತ್ತಾರೆ. ಒಂದರ ಹಿಂದೊಂದು ಓಡಿಸಿದರೆ ಆಳಿಗೆ ಜೀವ ಬಂದಂತಾಗುತ್ತದೆ. ನಾನು ಪೆನ್ಸಿಲಿನಲ್ಲಿ ಬಿಡಿಸಿ, ಸ್ಕ್ಯಾನ್ ಮಾಡಿ, ಆಮೇಲೆ ಮೌಸ್ ಹಿಡಿದು ಚುಕ್ಕಿ ಚುಕ್ಕಿಯಾಗಿ ಬಣ್ಣ ತುಂಬುತ್ತಿದ್ದೆ.

ನಮ್ಮ ಆಟದಲ್ಲಿ ಕುಸ್ತಿ ಪೈಲ್ವಾನನೊಬ್ಬ ಇರಲೇಬೇಕಿತ್ತು. ಆದರೆ ನಾನು ಬಿಡಿಸಿದವನು ಮರದ ಗೊಂಬೆಯ ಹಾಗೆ ಸೆಟೆದು ನಿಲ್ಲುತ್ತಿದ್ದ. ಕಾಕಾ ಅವರನ್ನು ಕೇಳಿದೆ. "ಏನು, ನನ್ನ ಟೀವ್ಯಾಗ ಹಾಕ್ತೀರೇನು?" ಎಂದು ನಕ್ಕರು. ಒಪ್ಪಿದರು. ಅವರ ಹಿತ್ತಲಲ್ಲಿ ಕೂತು ಬಿಡಿಸತೊಡಗಿದೆ. ಅವರು ಮೊಣಕಾಲು ಬಗ್ಗಿಸಿ ನಿಲ್ಲುವುದು, ಸುತ್ತು ಹಾಕುವುದು, ಏಟು ತಿಂದು ತತ್ತರಿಸುವುದು, ಅಂಗಾತ ಬೀಳುವುದು... ಆ ವಯಸ್ಸಿನಲ್ಲೂ ಎಷ್ಟು ಸಲ ಹೇಳಿದರೂ ಬೇಸರಿಸದೆ ಮಣ್ಣಿಗೆ ಬಿದ್ದು ತೋರಿಸಿದರು. ಅಡುಗೆಮನೆ ಬಾಗಿಲಲ್ಲಿ ನಿಂತ ಮಗಳು, "ಅಪ್ಪಾ, ಸೊಂಟ ಉಳುಕೀತು" ಎಂದು ಗದರುತ್ತಿದ್ದಳು.

ಎದುರಾಳಿಯನ್ನು ಎತ್ತಿ ಒಗೆಯುವ ಪಟ್ಟೊಂದು ಬಾಕಿ ಇತ್ತು. ಎದುರಾಳಿಯಾಗಿ ಗೆಳೆಯ ನಿಂತ. ಕಾಕಾ ಅವನ ಸೊಂಟಕ್ಕೆ ಕೈ ಹಾಕಿದವರು ಹಾಗೆಯೇ ತೆಗೆದುಬಿಟ್ಟರು.

"ಇದು ಬ್ಯಾಡ. ಬೀಳೋದು ಎಷ್ಟು ಬೇಕಾದ್ರೂ ತೋರಿಸ್ತೀನಿ. ಎತ್ತಿ ಒಗೆಯೋದು ಬ್ಯಾಡ."

ಅಷ್ಟೇ ಹೇಳಿ ಒಳಗೆ ಹೋದರು. ಯಾಕೆಂದು ನಮಗೆ ತಿಳಿಯಲಿಲ್ಲ.

ಮುಂದೊಂದು ಭಾನುವಾರ ತಾವೇ ಅಂಗಡಿಗೆ ಬಂದರು. ಅವರ ನಿಲುವು, ಅವರ ನಡಿಗೆ ಇದ್ದ ಪುಟ್ಟ ಪೈಲ್ವಾನ ತೆರೆಯ ಮೇಲೆ ಏಟು ತಿಂದು ಬಿದ್ದ. ಕಾಕಾ ತೆರೆಯತ್ತ ಬಾಗಿ ನೋಡಿದರು. ಎರಡನೆಯ ಸುತ್ತು ಶುರುವಾಗುತ್ತಲೇ ಅವನು ಎದ್ದು ನಿಂತ.

"ಇವ ಎದ್ದನಲ್ಲೋ?"

"ಆಟದಾಗ ಹಂಗೇ ಕಾಕಾ. ಬಿದ್ದೋನು ಮುಂದಿನ ಸುತ್ತಿಗೆ ಏಳ್ತಾನೆ."

"ಇನ್ನೊಂದ್ಸಲ ತೋರ್ಸು" ಎಂದರು. ತೋರಿಸಿದೆ. ಮತ್ತೆ ಕೇಳಿದರು. ಆಮೇಲೆ ತೆರೆಯ ಮೇಲಿನ ಕಣ್ಣು ತೆಗೆಯದೆ ಹೇಳತೊಡಗಿದರು. ವಯಸ್ಸಿನಲ್ಲಿದ್ದಾಗ ಹರಿಹರದ ಕುಸ್ತಿಯೊಂದರಲ್ಲಿ ಅಲ್ಲಿಯದೇ ಪೈಲ್ವಾನನನ್ನು ಎತ್ತಿ ಒಗೆದಿದ್ದರು. ಒಗೆಯುವ ಮೊದಲೇ ಅವನ ಮೈ ಸೋತದ್ದು ಅವರ ಕೈಗೆ ತಿಳಿದಿತ್ತು. "ಅಲ್ಲೇ ಬಿಡಬೇಕಿತ್ತು. ಜನ ಕೂಗ್ತಿದ್ರು. ಬಿಡ್ಲಿಲ್ಲ." ಬಿದ್ದವನ ಬೆನ್ನು ಮುರಿಯಿತು, ಕಾಲಿನ ಬಲ ಹೋಯಿತು. ಕಾಕಾ ಅವತ್ತೇ ಕುಸ್ತಿ ಬಿಟ್ಟರು. ಅವನನ್ನು ನೋಡಲು ಮಾತ್ರ ಒಮ್ಮೆಯೂ ಹೋಗಿರಲಿಲ್ಲ.

ಹೊರಡುವಾಗ, "ಎತ್ತಿ ಒಗೆಯೋದರ ಬದಲಿ ಎಬ್ಬಿಸೋದು ಬರಕೊಳ್ರಿ, ನಾನು ತೋರಿಸ್ತೀನಿ" ಎಂದರು. ಹಾಗೆಯೇ ಬಿಡಿಸಿದೆ. ಗೆದ್ದವನು ಬಗ್ಗಿ ಕೈ ಕೊಡುತ್ತಾನೆ, ಬಿದ್ದವನು ಹಿಡಿದುಕೊಂಡು ಏಳುತ್ತಾನೆ. ಪಾರ್ಲರಿನ ಆಟದಲ್ಲಿ ಇಂಥದ್ದು ಇರಲಿಲ್ಲ. ಮುಗಿಸಿ ತೋರಿಸಿದಾಗ ಕಾಕಾ ಎದ್ದು ನಿಂತು, "ನನ್ನ ಜೋಡಿ ಹರಿಹರಕ್ಕ ಬರ್ತೀಯೇನಪ್ಪ? ಒಬ್ಬಗ ಹೋಗಾಕ ಆಗವಲ್ದು" ಎಂದರು.

ಇಬ್ಬರೂ ಬಸ್ಸು ಹತ್ತಿ ಹೋದೆವು. ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಆ ಮನೆ. ಜಗಲಿಯ ಮೇಲೆ ತೆಳ್ಳಗಿನ ಮುದುಕರೊಬ್ಬರು ಕೂತಿದ್ದರು, ಗೋಡೆಗೆ ಎರಡು ಊರುಗೋಲು ಒರಗಿದ್ದವು. ಕಾಕಾ ಅಂಗಳದಲ್ಲೇ ನಿಂತುಬಿಟ್ಟರು. ಮುದುಕರು ದಿಟ್ಟಿಸಿ ನೋಡಿದರು. ಗುರುತು ಸಿಕ್ಕಿತು.

"ಈಗ ಬಂದ್ಯಾ?"

ಕಾಕಾ ಚಪ್ಪಲಿ ಬಿಟ್ಟು ಜಗಲಿಯ ಹತ್ತಿರ ಹೋದರು.

"ಬಿದ್ದಿದ್ದಕ್ಕ ಸಿಟ್ಟಿಲ್ಲ. ಕುಸ್ತಿಗೆ ಇಳದ ಮ್ಯಾಲೆ ಬೀಳೋದು ಇದ್ದದ್ದೇ. ದವಾಖಾನ್ಯಾಗ ಮಲಗಿ ದಿನಾ ಬಾಗಿಲು ನೋಡಿದೆ. ನೀ ಬರ್ಲಿಲ್ಲ. ಆ ಸಿಟ್ಟು ಈಗಲೂ ಐತೆ."

"ಇರ್ಲಿ," ಎಂದರು ಕಾಕಾ. "ಇರಬೇಕು."

ಇಬ್ಬರೂ ಬೇರೆಬೇರೆ ಕಡೆ ನೋಡುತ್ತ ಇದ್ದರು. ನನಗೆ ಓಡಿಹೋಗಬೇಕು ಅನ್ನಿಸಿತು. ಅಷ್ಟರಲ್ಲಿ ಜಗಲಿಗೆ ಬಿಸಿಲು ಬಂತು. ಮುದುಕರು ಊರುಗೋಲಿನತ್ತ ನೋಡಿದರು, ತೆಗೆದುಕೊಳ್ಳಲಿಲ್ಲ. "ಕೈ ಕೊಡು, ಒಳಗ ಹೋಗೋಣ. ಚಾ ಕುಡದು ಹೋಗೀಯಂತೆ" ಎಂದರು. ಕಾಕಾ ಬಗ್ಗಿ ಕೈ ಕೊಟ್ಟರು. ನನ್ನ ಚಿತ್ರದಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು. ಅಲ್ಲಿ ಬಹಳ ಹೊತ್ತು ಹಿಡಿಯಿತು. ಒಬ್ಬರ ಕಾಲಿನಲ್ಲಿ ಬಲವಿರಲಿಲ್ಲ, ಇನ್ನೊಬ್ಬರಿಗೂ ವಯಸ್ಸಾಗಿತ್ತು. ನಡುವೆ ಒಮ್ಮೆ ಜಾರಿ ಕೂತು, ಮತ್ತೆ ಎದ್ದರು.

ಆಮೇಲೆ ಕಾಕಾ ಹರಿಹರಕ್ಕೆ ಹೋಗಿ ಬಂದು ಮಾಡುತ್ತಲೇ ಇದ್ದರು. ಅಲ್ಲಿಯ ಆ ಮುದುಕರು ತೀರಿಕೊಂಡ ಮೇಲೆ ಇವರೂ ಬಹಳ ಕಾಲ ಉಳಿಯಲಿಲ್ಲ. ನಮ್ಮ ಆಟ ಅರ್ಧಕ್ಕೇ ನಿಂತಿತ್ತು. ಅಂಗಡಿ ಮುಚ್ಚಿತು, ಕಂಪ್ಯೂಟರ್ ಯಾರದೋ ಪಾಲಾಯಿತು, ಚಿತ್ರಗಳಿದ್ದ ಫ್ಲಾಪಿಗಳು ಬೂಷ್ಟು ಹಿಡಿದು ಕೆಟ್ಟವು, ಪೆನ್ಸಿಲಿನ ಹಾಳೆಗಳೂ ಉಳಿಯಲಿಲ್ಲ.

ಮೊನ್ನೆ ಕಾಕಾ ಅವರ ಮಗಳನ್ನು ಹುಡುಕಿಕೊಂಡು ಆವರಗೆರೆಗೆ ಹೋಗಿದ್ದೆ. ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ. ಚಹಾ ಕೊಟ್ಟು, ಹಿಂಜರಿಯುತ್ತ ಕೇಳಿದಳು: "ಅಣ್ಣ, ಮನ್ಯಾಗ ಅಪ್ಪಂದು ಒಂದೇ ಫೋಟೋ ಐತೆ, ಕುರ್ಚಿ ಮ್ಯಾಲೆ ಕುಂತಿದ್ದು. ಆವಾಗ ನೀವು ಮಾಡಿದ್ರಲ್ಲ, ಅಪ್ಪ ನಡಿಯೋದು, ಏಳೋದು... ಅದೇನಾದ್ರೂ ಐತೇನ್ರಿ?"

"ಇಲ್ಲವ್ವ," ಎಂದೆ.

"ಹೋಗ್ಲಿ ಬಿಡ್ರಿ" ಎಂದು ಲೋಟ ಎತ್ತಿಕೊಂಡು ಒಳಗೆ ಹೋದಳು.

ಮನೆಗೆ ಬಂದು ಹಾಳೆ ಹಿಡಿದು ಕೂತೆ. ಅವಳಿಗಾಗಿ ಬಿಡಿಸಿಕೊಡಬೇಕೆಂದು. ಬಗ್ಗಿದ ಮೊಣಕಾಲು ಬಂತು, ಹೆಗಲು ಬಂತು, ಮುಂದೆ ಚಾಚಿದ ಕೈಯೂ ಬಂತು. ಮುಖ ಬರಲಿಲ್ಲ. ಆ ಪುಟ್ಟ ಚಿತ್ರಗಳಲ್ಲಿ ಮುಖಕ್ಕೆಂದು ನಾನು ಇಡುತ್ತಿದ್ದದ್ದೇ ನಾಲ್ಕಾರು ಚುಕ್ಕಿ. ಆಗ ಅಷ್ಟು ಸಾಕು ಅನ್ನಿಸಿತ್ತು...