ಜೋಡಿಸದೆ ಬಿಟ್ಟ ಹಸಿರು ದೀಪ

ಮೇಡಂ ಅವರ ಬಲ ಅಂಗೈ ಯಾವಾಗಲೂ ನೀಲಿಯಾಗಿರುತ್ತಿತ್ತು. ಡಸ್ಟರ್ ಇದ್ದರೂ ಮಾರ್ಕರ್‌ನಲ್ಲಿ ಬರೆದ ಬೋರ್ಡನ್ನು ಕೈಯಿಂದಲೇ ಒರೆಸುತ್ತಿದ್ದರು. ಖುಷಿಯಾದರೆ ಅದೇ ಕೈಯಿಂದ ನಮ್ಮ ಬೆನ್ನ ಮೇಲೊಂದು ಏಟು. ನನ್ನ ಬಿಳಿ ಚೂಡಿದಾರದ ಮೇಲೆ ಐದೂ ಬೆರಳು ಮೂಡಿದ ದಿನ ಅವ್ವ, "ನಿಮ್ಮ ಬಾಯಾರು ಕಲಸ್ತಾರೋ, ಬಡೀತಾರೋ?" ಎಂದು ಕೇಳಿದ್ದಳು. ಎರಡನ್ನೂ ಮಾಡುತ್ತಿದ್ದರು. ನನಗೆ ಎರಡೂ ಇಷ್ಟವಾಗಿದ್ದವು.

ಮುಂಡಗೋಡದಲ್ಲಿ ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲೆ ಅವರ ಕಂಪ್ಯೂಟರ್ ತರಗತಿ. ವೆಬ್ ಆ್ಯಪ್ ಕಟ್ಟುವುದನ್ನು ಕಲಿಸುತ್ತಿದ್ದರು. ಒಂದು ಪರದೆಯಲ್ಲಿ ಹತ್ತಾರು ತುಣುಕುಗಳಿರುತ್ತವೆ. ಇಲ್ಲೊಂದು ಪಟ್ಟಿ, ಅಲ್ಲೊಂದು ಬಟನ್, ಮೇಲೆಲ್ಲೋ ಒಂದು ಅಂಕಿ. ಎಲ್ಲಕ್ಕೂ ಬೇಕಾದ ಮಾಹಿತಿಯನ್ನು ಸ್ಟೋರ್ ಎಂಬ ಒಂದೇ ಕಡೆ ಇಟ್ಟು, ಪ್ರತಿ ತುಣುಕನ್ನೂ ಅದಕ್ಕೆ ಜೋಡಿಸಬೇಕು. ಅಲ್ಲಿ ಬದಲಾದರೆ ಎಲ್ಲೆಡೆ ಬದಲಾಗಬೇಕು. ಯಾವ ತುಣುಕೂ ತನ್ನದೇ ನಕಲು ಇಟ್ಟುಕೊಳ್ಳಬಾರದು. ಇದು ನಮ್ಮ ತಲೆಗೆ ಹೋಗದಿದ್ದಾಗ ಮೇಡಂ ಒಂದು ತಟ್ಟೆ ಮಿರ್ಚಿ ಭಜಿ ತರಿಸಿದರು.

ಒಬ್ಬಳ ಕೈಗೆ ಪಾಟಿ ಕೊಟ್ಟು, ಎಷ್ಟು ಮಿರ್ಚಿ ಉಳಿದಿವೆ ಎಂಬುದನ್ನು ಅವಳೇ ಬರೆಯಬೇಕೆಂದರು. ಅವಳು ಸ್ಟೋರ್, ನಾವೆಲ್ಲ ತುಣುಕುಗಳು. ತಟ್ಟೆ ನಮಗೆ ಕಾಣದು, ಪಾಟಿ ಮಾತ್ರ ಕಾಣುತ್ತದೆ. ಬೇಕಾದವರು ಅವಳಿಗೆ ಹೇಳಿಯೇ ತೆಗೆದುಕೊಳ್ಳಬೇಕು. ಒಬ್ಬ ಜಾಣ ಪಾಟಿಯ ಅಂಕಿಯನ್ನು ತನ್ನ ಕಾಗದಕ್ಕೆ ಇಳಿಸಿಕೊಂಡು ಆರಾಮಾಗಿ ಫೋನ್ ನೋಡುತ್ತ ಕೂತ. ಎದ್ದು ಬರುವಷ್ಟರಲ್ಲಿ ತಟ್ಟೆ ಖಾಲಿ.

"ಇದರಾಗ ನಾಲ್ಕ ಅದಾವಲ್ರಿ ಮೇಡಂ!" ಎಂದು ಕಾಗದ ಹಿಡಿದ.

"ಹೌದಲ್ಲಪಾ, ಅದನ್ನ ತಿನ್ನು," ಎಂದರು ಮೇಡಂ. "ನಿನ್ನ ಹತ್ರ ಇಟ್ಕೋಬ್ಯಾಡ, ಸ್ಟೋರನ್ನ ಕೇಳು."

ನಾವು ಬಿದ್ದು ಬಿದ್ದು ನಕ್ಕೆವು. ಆ ಮಾತು ಅವರ ಬಾಯಲ್ಲಿ ಸದಾ ಇರುತ್ತಿತ್ತು. ಊರಿನ ಗಾಳಿಸುದ್ದಿ ಹೇಳಲು ಹೋದರೂ "ನೀ ನೋಡೀಯೇನ? ಯಾರನ್ನ ಕೇಳಿದಿ?" ಎಂದು ಬಾಯಿ ಮುಚ್ಚಿಸುತ್ತಿದ್ದರು. ಸುಳ್ಳೆಂದರೆ ಅಷ್ಟು ಹೇಸುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ಅದಕ್ಕೇ ಮುಂದಿನ ಸಂಗತಿ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ನಮಗೆ ತೋರಿಸಲೆಂದು ತಮ್ಮ ಮನೆಯವರಿಗೇ ಅವರು ಒಂದು ಆ್ಯಪ್ ಕಟ್ಟಿದ್ದರು. ಪ್ರತಿಯೊಬ್ಬರ ಫೋಟೊ, ಪಕ್ಕದಲ್ಲೊಂದು ದೀಪ. ಕೆಲಸದಲ್ಲಿದ್ದರೆ ಹಸಿರು, ಮನೆಗೆ ಹೊರಟರೆ ಹಳದಿ. ಮೇಡಂ, ಅವರ ಗಂಡ, ನಾದಿನಿ ತಮ್ಮ ತಮ್ಮ ಫೋನಿನಲ್ಲಿ ಒತ್ತಿದರೆ, ಪಾಳಾ ಎಂಬ ಊರಿನ ಮನೆಯಲ್ಲಿ ಮೇಡಂ ಅವರ ಅತ್ತೆಯ ಮಂಚದ ಎದುರಿನ ಟ್ಯಾಬಿನಲ್ಲಿ ಬಣ್ಣ ಬದಲಾಗುತ್ತಿತ್ತು. ಅತ್ತೆಗೆ ಓದಲು ಬಾರದು, ಜೊತೆಗೆ ಮರೆವು ಹಿಡಿದಿತ್ತು. ದೀಪ ನೋಡಿಕೊಂಡು ಸಮಾಧಾನವಾಗಿ ಮಲಗಿರುತ್ತಿದ್ದರು.

ಮೇಡಂ ಅವರ ಗಂಡ ಲಾರಿ ಓಡಿಸುತ್ತಿದ್ದರು. ಒಂದು ಮಳೆಗಾಲ ಅಣಶಿ ಘಟ್ಟದಲ್ಲಿ ಲಾರಿ ಕಂದಕಕ್ಕೆ ಉರುಳಿತು. ಮಣ್ಣು ಮಾಡಿ ಬಂದ ಮೇಲೆ ಮೇಡಂ ಸ್ಟೋರ್‌ನಲ್ಲಿ ಗಂಡನ ದೀಪ ಆರಿಸಿದರು. ಅತ್ತೆಯ ಟ್ಯಾಬಿನಲ್ಲೂ ಆರಿತು.

"ನನ್ನ ಮಗಂದು ದೀಪ ಯಾಕ ಹತ್ತಿಲ್ಲ?" ಎಂದು ಅತ್ತೆ ಕೇಳಿದರು. ಮೇಡಂ ಇದ್ದದ್ದನ್ನು ಹೇಳಿದರು. ಅತ್ತೆ ಎದೆ ಬಡಿದುಕೊಂಡು ಅತ್ತರು. ಮರುದಿನಕ್ಕೆ ಮರೆತು ಮತ್ತೆ ಕೇಳಿದರು. ಮೇಡಂ ಮತ್ತೆ ಹೇಳಿದರು. ಮತ್ತೆ ಅದೇ ಅಳು, ಆಗತಾನೆ ಕೇಳಿದವರ ಹಾಗೆ. ಮಳೆ ನಿಲ್ಲುವವರೆಗೂ ಆ ಮನೆಯಲ್ಲಿ ಆ ಮಗ ದಿನಾ ಸತ್ತ.

ದಸರೆಯ ರಜೆಯಲ್ಲಿ ಮೇಡಂ ಅವರನ್ನು ಮಾತಾಡಿಸಲು ಪಾಳಾಕ್ಕೆ ಹೋದೆ. ಅತ್ತೆಯ ಟ್ಯಾಬಿನತ್ತ ನೋಡಿದೆ. ಸತ್ತವರ ಫೋಟೊದ ಪಕ್ಕ ದೀಪ ಹಸಿರಾಗಿ ಉರಿಯುತ್ತಿತ್ತು. ಮೇಡಂ ಅವರ ಫೋನಿನಲ್ಲಿ ನೋಡಿದರೆ ಅದೇ ದೀಪ ಆರಿತ್ತು.

"ಮೇಡಂ, ಈ ತುಣುಕು ಸ್ಟೋರ್‌ಗೆ ಜೋಡಿಸಿಲ್ಲ ಅನಸ್ತೈತ್ರಿ. ಸರಿ ಮಾಡ್ಲ್ಯಾ?"

ಅವರು ನನ್ನ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು. "ಮುಟ್ಟಬ್ಯಾಡ. ತಪ್ಪಾಗಿಲ್ಲ ಅದು, ನಾನ ಬಿಚ್ಚೇನಿ."

"ಆದ್ರ ಮೇಡಂ, ನೀವ..."

"ನಾ ಏನ ಕಲಿಸೇನಿ ಅಂತ ನನಗ ಗೊತ್ತೈತಿ. ಸ್ಟೋರ್‌ನ್ಯಾಗ ಸುಳ್ಳ ಹಾಕಿಲ್ಲ ನಾ. ಅಲ್ಲಿ ಅವರು ಇಲ್ಲ. ಈ ಒಂದ ದೀಪ ಅಷ್ಟ, ಅತ್ತಿಯವರ ಸಲುವಾಗಿ ಬಿಟ್ಟೇನಿ." ಆಮೇಲೆ ದನಿ ತಗ್ಗಿಸಿ ಹೇಳಿದರು: "ನಾನೂ ನೋಡ್ಕೋತ ಕುಂದರ್ತೇನಿ ಒಮ್ಮೊಮ್ಮೆ."

ಅವರ ಮುಖ ನೋಡಲು ನನಗೆ ಹೆದರಿಕೆಯಾಯಿತು.

ಈಗ ನಾನು ದಾಂಡೇಲಿಯಲ್ಲಿ ರಾಫ್ಟಿಂಗ್ ಬುಕಿಂಗಿನ ಆ್ಯಪ್‌ಗಳನ್ನು ಕಟ್ಟುತ್ತೇನೆ. ಒಂದು ಪರದೆಯಲ್ಲಿ ದೋಣಿ ತುಂಬಿದೆ ಎಂದಿದ್ದರೆ ಎಲ್ಲ ಪರದೆಯಲ್ಲೂ ತುಂಬಿರುತ್ತದೆ. ನನ್ನ ಅನ್ನದ ವಿದ್ಯೆಯೆಲ್ಲ ಮೇಡಂ ಹಾಕಿದ ಭಿಕ್ಷೆ.

ಹೋದ ವರ್ಷ ಜ್ವರವೆಂದು ಮಲಗಿದ ಮೇಡಂ ಏಳಲಿಲ್ಲ. ಮಣ್ಣು ಮುಗಿಸಿ ಮನೆಗೆ ಬಂದಾಗ ಅವರ ನಾದಿನಿ ನನ್ನನ್ನು ಬದಿಗೆ ಕರೆದು ಕೈಮುಗಿದರು.

"ತಂಗಿ, ಟ್ಯಾಬಿನ್ಯಾಗ ಅಣ್ಣನ ದೀಪದಂಗ ವೈನೀದೂ ಹಸಿರ ಇಟ್ಟು ಬಿಡ. ಅವ್ವಗ ದಿನಾ ಹೇಳೂದು ನನ್ನ ಕಡಿಂದ ಆಗೂದಿಲ್ಲ."

ಮೇಡಂ ಅವರ ಕುರ್ಚಿಯಲ್ಲೇ ಕೂತು ಅವರ ಲ್ಯಾಪ್‌ಟಾಪ್ ತೆರೆದೆ. ಗಂಡನ ದೀಪಕ್ಕಾಗಿ ಅವರು ಬರೆದಿದ್ದ ಸಾಲುಗಳು ಅಲ್ಲೇ ಇದ್ದವು. ಅವನ್ನೇ ನಕಲು ಮಾಡಿ ಹೆಸರು ಬದಲಾಯಿಸಿದೆ. ಟ್ಯಾಬಿನ ತುಣುಕನ್ನು ಬಿಚ್ಚಿ ಹಸಿರಿನಲ್ಲೇ ನಿಲ್ಲಿಸಿದೆ. ಆಮೇಲೆ ಸ್ಟೋರ್‌ನಲ್ಲಿ ನಿಜ ಬರೆದೆ. ನಾದಿನಿಯ ಫೋನಿನಲ್ಲಿ ಮೇಡಂ ಆರಿದರು. ನನಗೆ ಅಳು ತಡೆಯಲಾಗಲಿಲ್ಲ.

ಅತ್ತೆ ಎಚ್ಚರಾಗಿ ಟ್ಯಾಬಿನತ್ತ ನೋಡಿದರು. ಮಗ, ಸೊಸೆ, ಇಬ್ಬರದೂ ಹಸಿರು.

"ಇಬ್ಬರೂ ಇನ್ನೂ ಕೆಲಸದಾಗ ಅದಾರ," ಎಂದರು. "ಕದಾ ಹಾಕಬ್ಯಾಡ್ರಿ. ಬರ್ತಾರ."

ನನ್ನ ಫೋನಿಗೂ ಆ ಆ್ಯಪ್ ಹಾಕಿಕೊಂಡಿದ್ದೇನೆ, ಅದರಲ್ಲಿ ಮೇಡಂ ಇಲ್ಲ. ಅವರನ್ನು ನೋಡಬೇಕೆನ್ನಿಸಿದಾಗ ಪಾಳಾಕ್ಕೆ ಹೋಗಿ ಅತ್ತೆಯ ಪಕ್ಕ ಕೂತು ಬರುತ್ತೇನೆ.