ಹನ್ನೆರಡು ಮರಿಗಳ ಬಾಣಂತನ

ಮುಂಬಯಿಯ ನಮ್ಮ ಸಯನ್ ಬಿಲ್ಡಿಂಗಿನ ಎದುರು ಮನೆಗೆ ಹೊಸ ಕೂಸು ಬಂದಿದೆ. ಬೆಳಿಗ್ಗೆ ಬಾಗಿಲು ತೆರೆದರೆ ಲೋಬಾನದ ಹೊಗೆ ನೇರ ನನ್ನ ಚಹಾದ ಕಪ್ಪಿಗೇ ಬರುತ್ತದೆ. ಕೂಸಿನ ಸ್ನಾನವಾಯಿತೆಂದು ಎಲ್ಲರಿಗೂ ತಿಳಿಯುತ್ತದೆ. ನನಗೆ ಮಾತ್ರ ಕೋಳಿಮರಿಗಳ ನೆನಪಾಗುತ್ತದೆ. ನಗಬೇಡಿ, ಕಾರಣ ಹೇಳುತ್ತೇನೆ.

ಐವತ್ತರ ದಶಕದಲ್ಲಿ ನಾನು ಕುರ್ಲಾದ ಚಾಳೊಂದರಲ್ಲಿದ್ದ ಗುಮಾಸ್ತ. ಧಾರವಾಡದ ಕಡೆಯ, ತತ್ತಿಯ ಹೆಸರೆತ್ತಿದರೆ ಬಾಯಿ ತೊಳೆಯುವ ಮನೆತನದವನು. ಅಂಥವನಿಗೆ ಕೋಳಿ ಸಾಕುವ ಹುಚ್ಚು ಹೇಗೆ ಹಿಡಿಯಿತೆಂದರೆ, ಆಫೀಸಿನಲ್ಲಿ ಯಾರದೋ ಮೇಜಿನ ಮೇಲೆ ಒಂದು ಇಂಗ್ಲಿಷ್ ಕರಪತ್ರ ಸಿಕ್ಕಿತು, ಅಷ್ಟೇ. ಬ್ರಾಯ್ಲರ್ ಎಂಬ ಶಬ್ದ ಆಗಿನ್ನೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಕರಪತ್ರದಲ್ಲಿದ್ದದ್ದು ಬೇಗ ಮೈ ತುಂಬುವ ಮಾಂಸದ ತಳಿಯ ವಿಚಾರ. ಓದಲು ಬಂದದ್ದೆಲ್ಲ ಮಾಡಲೂ ಬರುತ್ತದೆ ಎಂದು ನಂಬುವ ವಯಸ್ಸು ನನ್ನದು. ಒಂದು ಭಾನುವಾರ ಭಾಂಡುಪಿನಿಂದ ಹನ್ನೆರಡು ಮರಿಗಳನ್ನು ಮಾವಿನ ಪೆಟ್ಟಿಗೆಯಲ್ಲಿಟ್ಟು ಲೋಕಲ್ ರೈಲಿನಲ್ಲಿ ತಂದೆ. ಕೆಳಗೆ ಒಣ ಹೊಟ್ಟು, ಮೇಲೆ ಉರಿಯುವ ಬಲ್ಬು, ತಟ್ಟೆಯಲ್ಲಿ ತೆಳ್ಳಗೆ ನೀರು. ಮರಿ ಒದ್ದೆಯಾಗಕೂಡದು ಎಂಬ ಸಾಲಿಗೆ ಕೆಂಪು ಗೆರೆ ಎಳೆದು ಕರಪತ್ರವನ್ನು ಕಿಸೆಯಲ್ಲಿಟ್ಟುಕೊಂಡೆ.

ಪಕ್ಕದ ಖೋಲಿಯ ಗಂಗವ್ವ ವಿಜಾಪುರದ ಕಡೆಯವಳು. ಇಡೀ ಚಾಳಿನ ಕೂಸುಗಳಿಗೆ ನೀರೆರೆದ ಕೈ ಅವಳದು. ಸೋಮವಾರ ಲೋಕಲ್ ತಪ್ಪೀತೆಂದು ಓಡುತ್ತಲೇ ಅವಳಿಗೆ ಹೇಳಿದೆ: "ಅವ್ವಾ, ಮರೀನ ಕೂಸಿನ್ಹಂಗ ನೋಡ್ಕೋರಿ."

"ಅದನ್ನೇನ್ ನನಗ ಹೇಳಿಕೊಡ್ತಿ? ಹೋಗು," ಅಂದಳು.

ಸಂಜೆ ಬಂದಾಗ ನನ್ನ ಖೋಲಿಯ ತುಂಬ ಲೋಬಾನದ ಹೊಗೆ. ಗಂಗವ್ವ ಕಾಲು ಚಾಚಿ ಕೂತು, ಕೊನೆಯ ಮರಿಯನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಎರೆಯುತ್ತಿದ್ದಳು. ಉಳಿದ ಹನ್ನೊಂದನ್ನು ಹಳೇ ಸೀರೆಯ ತುಂಡುಗಳಲ್ಲಿ ಬಿಗಿಯಾಗಿ ಸುತ್ತಿ ಸಾಲಾಗಿ ಮಲಗಿಸಿದ್ದಳು. ಒಂದೊಂದಕ್ಕೂ ಕಾಡಿಗೆಯ ದೃಷ್ಟಿಬೊಟ್ಟು. ಒಂದರ ದನಿಯೂ ಇಲ್ಲ. ಒದ್ದೆ ಮೈಯ ಚಳಿಗೆ ಕಣ್ಣು ಮುಚ್ಚುತ್ತಿದ್ದವು.

ಕರಪತ್ರ ತೆಗೆದು ಕೆಂಪು ಗೆರೆ ತೋರಿಸಿದೆ. ಅಕ್ಷರ ಬಾರದ ಹೆಂಗಸಿಗೆ ಇಂಗ್ಲಿಷ್ ತೋರಿಸಿದ ಪುಣ್ಯಾತ್ಮ ನಾನು. "ಒದ್ದಿ ಆದ್ರ ಸಾಯ್ತಾವಂತ" ಎಂದು ಅರ್ಥ ಹೇಳಿದ ಮೇಲೆ ಅವಳ ಮುಖ ಕಪ್ಪಿಟ್ಟಿತು.

"ಮುಂಜಾನಿ ಇಷ್ಟು ಬಾಯಿಬಿಟ್ಟು ಹೇಳಾಕ ಏನಾಗಿತ್ತು ನಿನಗ?"

ಕರಪತ್ರವನ್ನು ಮತ್ತೆ ಕಿಸೆಗೆ ತುರುಕಿದೆ. ಬಲ್ಬು ಸಾಲದೆಂದು ಅವಳೇ ಕೆಂಡದ ಶೆಗಡಿ ತಂದಳು. ಇಬ್ಬರೂ ಕೂತು ಮರಿಗಳನ್ನು ಒಂದೊಂದಾಗಿ ನನ್ನ ಆಫೀಸಿನ ಅಂಗಿಯಿಂದ ಒರೆಸಿ ಕಾಯಿಸಿದೆವು. ಬಹಳ ಹೆದರಿದ್ದೆ, ಮುಚ್ಚಿಡುವುದೇಕೆ. ಊಟದ ಹೊತ್ತಿಗೆ ಒಂದು ಚಿಂವ್ ಎಂದಿತು. ಆಮೇಲೆ ಹನ್ನೆರಡೂ ಚಾಳಿಗೆಲ್ಲ ಕೇಳುವಂತೆ ಕೂಗಿದವು.

ಎರಡೂವರೆ ತಿಂಗಳಲ್ಲಿ ಗುಂಡಗುಂಡಗೆ ಬೆಳೆದವು. ಎಣ್ಣೆ ನೀರಿನ ಗುಣ ಎಂದು ಗಂಗವ್ವ, ಕರಪತ್ರದ ಗುಣ ಎಂದು ನಾನು. ಮಂಗಳೂರ ಕಡೆಯ ಹೋಟೆಲ್ ಮಾಲೀಕರೊಬ್ಬರು ಬುಟ್ಟಿ ಹಿಡಿದು ಬಂದು, "ಎಂಥ ಮಾರಾಯ್ರೆ, ಸಾರಿಗೆ ಲಾಯ್ಕ ಉಂಟಲ್ಲ" ಎಂದರು. ಗಂಗವ್ವ ಬಾಗಿಲಿಗೆ ಅಡ್ಡ ನಿಂತಳು.

"ಕೂಸು ಅಂತ ನನ್ನ ಕೈಯಾಗ ಕೊಟ್ಟಾಂವ ನೀನ. ಕೂಸು ಮಾರ್ತಾರೇನೋ ತಮ್ಮಾ?"

ಮಾಲೀಕರು ಖಾಲಿ ಬುಟ್ಟಿ ಎತ್ತಿಕೊಂಡು ಮೆಟ್ಟಿಲಿಳಿದರು. ನನ್ನ ಉದ್ಯಮ ಅಲ್ಲಿಗೆ ಮುಗಿಯಿತು. ಹುಂಜಗಳು ಮಾತ್ರ ಮುಂದೆ ವರ್ಷಗಟ್ಟಲೆ ಮೊದಲ ಲೋಕಲ್‌ಗೆ ಸರಿಯಾಗಿ ಇಡೀ ಚಾಳನ್ನು ಎಬ್ಬಿಸಿದವು.

ಈ ಕತೆಯನ್ನು ಇಷ್ಟು ವರ್ಷ ಗಂಗವ್ವನ ತಪ್ಪೆಂದೇ ಹೇಳಿ ಜನರನ್ನು ನಗಿಸಿದ್ದೇನೆ. ಇವತ್ತು ಎದುರು ಮನೆಯ ಸೊಸೆ, "ಅಂಕಲ್, ಜರಾ ಎರಡು ಮಿನಿಟ್ ನೋಡ್ಕೊಳ್ಳಿ" ಎಂದು ಕೂಸನ್ನು ನನ್ನ ತೊಡೆಯ ಮೇಲಿಟ್ಟಳು.

"ಹ್ಯಾಂಗ ನೋಡ್ಕೋಬೇಕು? ಎಲ್ಲಾ ಬಿಡಿಸಿ ಹೇಳಿ ಹೋಗವ್ವಾ" ಎಂದೆ.

ಅವಳು ನಕ್ಕು ಒಳಗೆ ಹೋದಳು. ಕೂಸಿನ ಕಿವಿಯ ಹಿಂದೆ ಇನ್ನೂ ಒಂದಿಷ್ಟು ತೇವವಿತ್ತು. ಧೋತರದ ಚುಂಗಿನಿಂದ ಮೆಲ್ಲಗೆ ಒರೆಸಿದೆ.