ಪಂಚಮಿಗೆ ಕರೆಯಲು ಹೋದದ್ದು ನಾನು

ಫೆಬ್ರವರಿಯ ಒಂದು ಬೆಳಿಗ್ಗೆ ನನ್ನ ಗಂಡನ ಕಾಲಿಗೆ ಬೂಟು ಹಿಡಿಸಲಿಲ್ಲ. ಹೊರಗೆ ಮೊಣಕಾಲುದ್ದ ಹಿಮ. ಆಫೀಸಿಗೆ ಹೊತ್ತಾಗುತ್ತಿತ್ತು. ಗ್ಯಾರೇಜಿನ ಮೆಟ್ಟಿಲ ಮೇಲೆ ಕುಳಿತು ಎಳೆದರು, ಬಡಿದರು.

"ಬೂಟ್ ಸಣ್ಣ ಆಗ್ಯಾವ ನೋಡ," ಎಂದರು ವೀರೇಶ್.

"ಬೂಟ್ ಎಲ್ಲಿ ಸಣ್ಣ ಆಗ್ತಾವ್ರೀ? ಕಾಲ್ ಬಾತಾವು."

ಹೆಬ್ಬೆರಳಿನಿಂದ ಪಾದವನ್ನು ಒತ್ತಿದೆ. ಗುಳಿ ಬಿತ್ತು. ಬಿದ್ದದ್ದು ಹಾಗೇ ಉಳಿಯಿತು.

ಎರಡೂ ಕಿಡ್ನಿ ಹೋಗಿದ್ದವು.

ವರ್ಷಗಟ್ಟಲೆ ಲೆಕ್ಕಿಸದ ಬಿಪಿ ಅವನ್ನು ಸದ್ದಿಲ್ಲದೆ ತಿಂದು ಹಾಕಿತ್ತು. ವಾರಕ್ಕೆ ಮೂರು ಡಯಾಲಿಸಿಸ್, ಸಾಧ್ಯವಾದಷ್ಟು ಬೇಗ ಟ್ರಾನ್ಸ್‌ಪ್ಲಾಂಟ್ ಎಂದರು ನೆಫ್ರಾಲಜಿಸ್ಟ್. ಮನೆಯವರು ಯಾರಾದರೂ ಕೊಡುತ್ತೀರಾ ಎಂದು ಅವರು ಕೇಳಿ ಮುಗಿಸುವ ಮೊದಲೇ ನಾನು ಕೈ ಎತ್ತಿದ್ದೆ. ಇಪ್ಪತ್ತಾರು ವರ್ಷ ಬಾಳಿದವಳು ನಾನಲ್ಲದೆ ಇನ್ಯಾರು ಕೊಡಬೇಕು? ಆದರೆ ನನಗೆ ಶುಗರ್ ಇದೆ. ಮೊದಲ ರಕ್ತಪರೀಕ್ಷೆಯಲ್ಲೇ ನನ್ನ ಹೆಸರಿಗೆ ಗೀಟು ಬಿತ್ತು.

ಮ್ಯಾಚ್ ಆದದ್ದು ಶಾಂತಾ.

ಶಾಂತಾ ಎಂದರೆ ವೀರೇಶರ ತಂಗಿ. ನದಿಯಾಚೆಯ ವಿಂಡ್ಸರ್‌ನಲ್ಲಿದ್ದಾಳೆ. ಡೆಟ್ರಾಯಿಟ್ ಹತ್ತಿರ ಲಿವೋನಿಯಾದಲ್ಲಿರುವ ನಮ್ಮ ಮನೆಯಿಂದ ಸುಮಾರು ಇಪ್ಪತ್ತೈದು ಮೈಲಿ. ನಡುವೆ ಒಂದು ಸೇತುವೆ, ಪಾಸ್‌ಪೋರ್ಟ್ ನೋಡುವ ಆಫೀಸರು. ಆಚೆ ಕೆನಡಾ, ಈಚೆ ನಾವು. ಕೋವಿಡ್ ಸಮಯದಲ್ಲಿ ಗಡಿ ಮುಚ್ಚಿದಾಗ ಈ ಅಣ್ಣ ಪ್ರತಿ ಭಾನುವಾರ ಡೆಟ್ರಾಯಿಟ್ ದಂಡೆಗೆ ಹೋಗುತ್ತಿದ್ದರು. ಆ ದಂಡೆಯಲ್ಲಿ ಅವಳು ಕೆಂಪು ಶಾಲು ಬೀಸುತ್ತಿದ್ದಳು. ಇಬ್ಬರೂ ಫೋನ್ ಕಿವಿಗಿಟ್ಟುಕೊಂಡು ಗಂಟೆಗಟ್ಟಲೆ ಹರಟುತ್ತಿದ್ದರು. ನಾನು ಕಾರಿನಲ್ಲಿ ಕುಳಿತಿರುತ್ತಿದ್ದೆ. ಎದುರಿಗೆ ಕಾಣುವ ಒಂದು ಕೆಂಪು ಚುಕ್ಕೆಯ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ? ನಾನು ಪಟ್ಟೆ.

ಈಗ ಅವಳು ಅವರ ಹೊಟ್ಟೆಯೊಳಗೇ ಬಂದು ಕೂರುವವಳಿದ್ದಳು. ಕೃತಜ್ಞತೆ ಇರಲಿಲ್ಲವೇ? ಇತ್ತು. ದೇವರ ಮುಂದೆ ಕೈ ಮುಗಿಯುತ್ತಿದ್ದೆ, ಮುಗಿದ ಕೈ ಬಿಡಿಸುವಷ್ಟರಲ್ಲಿ ಒಳಗೆ ಉರಿ ಏಳುತ್ತಿತ್ತು.

ನನ್ನದಾಗಿ ಉಳಿದದ್ದು ಅಡುಗೆಮನೆ. ಪೊಟ್ಯಾಸಿಯಂ ಹೆಚ್ಚಾದರೆ ಹೃದಯ ನಿಲ್ಲಬಹುದು ಎಂದು ಡಯೆಟಿಶಿಯನ್ ಒಂದು ಪಟ್ಟಿ ಕೊಟ್ಟಿದ್ದಳು. ಅದನ್ನು ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿದ್ದೆ. ಆಲೂಗಡ್ಡೆಯನ್ನು ಎರಡು ನೀರಿನಲ್ಲಿ ಕುದಿಸಿ ಚೆಲ್ಲುತ್ತಿದ್ದೆ. ಟೊಮೆಟೊ ಇಲ್ಲದೆ ಸಾರು ಮಾಡುವುದನ್ನು ಕಲಿತೆ. "ಇದೇನ ಸಾರೋ, ಬಿಸಿನೀರೋ?" ಎಂದು ಅವರು ಗೊಣಗಿದರೂ ಉಣ್ಣುತ್ತಿದ್ದರು.

"ವೈನಿ, ಆ ಲಿಸ್ಟ್ ಫೋಟೊ ಹೊಡದ ಕಳಸ್ರಿ," ಎಂದು ಶಾಂತಾ ಎರಡು ಸಲ ಕೇಳಿದಳು.

"ಕಳಸ್ತೀನಿ," ಎಂದೆ. ಕಳಿಸಲಿಲ್ಲ. ಕಿಡ್ನಿ ಅವಳದು, ಪಟ್ಟಿಯಾದರೂ ನನ್ನದಿರಲಿ.

ಆಗಸ್ಟ್‌ನಲ್ಲಿ ನಾಗರ ಪಂಚಮಿ ಬಂತು. ನಮ್ಮ ಗದಗದ ಕಡೆ ಪಂಚಮಿಗೆ ಅಣ್ಣ ಹೋಗಿ ತಂಗಿಯನ್ನು ತವರಿಗೆ ಕರೆತರಬೇಕು. ಅತ್ತೆ ಮಾವ ಹೋದ ಮೇಲೆ ಅವಳಿಗೆ ನಮ್ಮ ಮನೆಯೇ ತವರು. ವೀರೇಶ್ ಒಂದು ವರ್ಷವೂ ತಪ್ಪಿಸದೆ ಸೇತುವೆ ದಾಟಿ ಹೋಗುತ್ತಿದ್ದರು. ಗಡಿ ಮುಚ್ಚಿದಾಗ ದಂಡೆಯಿಂದಲೇ ಕರೆದಿದ್ದರು. ಈ ಸಲ ಅವರಿಗೆ ಡ್ರೈವ್ ಮಾಡುವ ಶಕ್ತಿ ಇರಲಿಲ್ಲ.

"ವೈನಿ, ಈ ಸಲ ಯಾರ್ ಬರ್ತೀರಿ?" ಎಂದು ಶಾಂತಾ ಫೋನಿನಲ್ಲಿ ಕೇಳಿದಳು.

"ಎರಡ್ ಕಾರ್ ಅದಾವಲ್ಲ ನಿನಗ. ನೀನ ಡ್ರೈವ್ ಮಾಡ್ಕೊಂಡ್ ಬಾ."

ಬಂದಳು. ಕೈಯಲ್ಲಿ ಸ್ಟೀಲ್ ಡಬ್ಬಿ. ಅದರ ತುಂಬ ಶೇಂಗಾ ಉಂಡಿ, ಎಳ್ಳುಂಡಿ. ಶೇಂಗಾ, ಎಳ್ಳು, ಬೆಲ್ಲ ಮೂರೂ ನನ್ನ ಪಟ್ಟಿಯಲ್ಲಿ ಕೆಂಪು ಅಕ್ಷರದಲ್ಲಿದ್ದವು. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ನಕ್ಕರು. ಅವಳು ಏನೋ ಊರಿನ ಮಾತು ತೆಗೆದಿದ್ದಳು, ಇವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆರು ತಿಂಗಳು ಬೇಯಿಸಿ ಬಡಿಸಿದ ನನ್ನ ಮುಂದೆ ಒಂದು ದಿನವೂ ಹಾಗೆ ನಕ್ಕಿರಲಿಲ್ಲ.

"ನನಗ ತಲಿ ನೋಯಾಕತ್ತೇತಿ," ಎಂದು ಮೇಲೆ ಹೋಗಿ ಬಾಗಿಲು ಹಾಕಿಕೊಂಡೆ.

ಅವರು ಐದು ಉಂಡಿ ತಿಂದಿದ್ದರು.

ಮರುದಿನ ಬೆಳಿಗ್ಗೆ ಕುರ್ಚಿಯಿಂದ ಏಳಲು ಹೋದರೆ ಕಾಲಿನಲ್ಲಿ ಕಸುವಿಲ್ಲ. ಎದೆ ಹೇಗೋ ಆಗುತ್ತಿದೆ ಎಂದರು. ಆಂಬ್ಯುಲೆನ್ಸ್. ಆಸ್ಪತ್ರೆಯ ಎಮರ್ಜೆನ್ಸಿ. ಮಾನಿಟರ್ ಮೇಲಿನ ಗೆರೆ ಎಲ್ಲೆಲ್ಲೋ ಹತ್ತಿ ಇಳಿಯುತ್ತಿತ್ತು. ಪೊಟ್ಯಾಸಿಯಂ ವಿಪರೀತ ಏರಿದೆ, ಏನು ತಿಂದರು ಎಂದು ಡಾಕ್ಟರ್ ಕೇಳಿದರು.

ರಾತ್ರಿ ನಮ್ಮಲ್ಲೇ ಉಳಿದು ಜೊತೆಗೆ ಬಂದಿದ್ದ ಶಾಂತಾಳ ಕಡೆ ನಾನು ತಿರುಗಿದೆ. "ಕಿಡ್ನಿ ಕೊಡಾಕ ಬಂದೀಯೋ, ಜೀವಾ ತೆಗ್ಯಾಕ ಬಂದೀಯೋ? ಇನ್ನ ನಮ್ಮನಿ ಹೊಸ್ತಿಲಾ ತುಳೀಬ್ಯಾಡ!"

ನರ್ಸ್‌ಗೆ ಭಾಷೆ ಬಾರದಿದ್ದರೂ ಎಲ್ಲವೂ ಅರ್ಥವಾದಂತಿತ್ತು. ಅಣ್ಣನ ಡಯಾಲಿಸಿಸ್ ಮುಗಿದು ಗೆರೆಯ ಏರಿಳಿತ ಒಂದು ಹದಕ್ಕೆ ಬರುವವರೆಗೂ ಶಾಂತಾ ಕಾರಿಡಾರಿನಲ್ಲಿ ನಿಂತಿದ್ದು, ಆಮೇಲೆ ಹೋದಳು.

ಮುಂದಿನ ವಾರ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಫೋನ್ ಮಾಡಿದಳು. ಡೋನರ್ ಫೋನ್ ತೆಗೆಯುತ್ತಿಲ್ಲ, ಕೊನೆಯ ಕ್ರಾಸ್‌ಮ್ಯಾಚ್ ರಕ್ತಪರೀಕ್ಷೆಗೆ ಬರದಿದ್ದರೆ ಸರ್ಜರಿಯ ಡೇಟ್ ಬಿಡಬೇಕಾಗುತ್ತದೆ ಎಂದಳು. ಡೋನರ್ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಕಾರಣ ಕೇಳುವ ಹಕ್ಕು ಯಾರಿಗೂ ಇಲ್ಲವಂತೆ.

ನನಗೆ ಕಾರಣ ಗೊತ್ತಿತ್ತು.

ಶಿಕಾಗೋದಿಂದ ಬಂದಿದ್ದ ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಅಮ್ಮಾ, ವಾಟ್ ಡಿಡ್ ಯೂ ಸೇ ಟು ಹರ್?" ಕಪಾಟಿನ ಬಾಗಿಲು ತೆರೆದು ಪಟ್ಟಿ ಕಿತ್ತುಕೊಂಡೆ. ಕಾರಿನ ಕೀ ತೆಗೆದುಕೊಂಡೆ.

ಆ ಸೇತುವೆಯ ಮೇಲೆ ನಾನು ಒಬ್ಬಳೇ ಎಂದೂ ಹೋದವಳಲ್ಲ. ಟ್ರಕ್ಕುಗಳ ನಡುವೆ ಸ್ಟಿಯರಿಂಗ್ ಬಿಗಿಯಾಗಿ ಹಿಡಿದು, ಕೆಳಗಿನ ನೀರು ನೋಡದೆ ದಾಟಿದೆ. ಯಾಕೆ ಬಂದಿದ್ದೀರಿ ಎಂದು ಆಫೀಸರು ಕೇಳಿದ. ನಾದಿನಿಯನ್ನು ಮನೆಗೆ ಕರೆದೊಯ್ಯಲು ಎಂದೆ. ಅವನು ಇನ್ನೇನೂ ಕೇಳಲಿಲ್ಲ.

ಬಾಗಿಲು ತೆರೆದವಳ ಕೈಗೆ ಪಟ್ಟಿ ಇಟ್ಟೆ. "ನೀ ಕೇಳಿದ್ದಿ. ನಾನ ಕಳಸ್ಲಿಲ್ಲ. ಡಬ್ಬಿ ನೋಡೀನೂ ಸುಮ್ಮನ ಇದ್ದೆ. ತಪ್ಪು ನಂದು. ನಿನ್ನ ಮ್ಯಾಲೆ ಹೊಟ್ಟಿಕಿಚ್ಚು, ಶಾಂತಾ. ಈಗೂ ಐತಿ."

ಅವಳು ಪಟ್ಟಿಯನ್ನು ಪೂರ್ತಿ ಓದಿದಳು. ಕಣ್ಣೀರು ಒರೆಸಿಕೊಂಡಳು.

"ನನಗಿಲ್ಲೇನ್ರಿ ವೈನಿ ಹೊಟ್ಟಿಕಿಚ್ಚು? ಅಣ್ಣ ನಿಮಗ ದಿನಾ ಸಿಗ್ತಾನ. ನನಗ ವರ್ಷಕ್ಕೊಂದ್ ಪಂಚಮಿ. ಈ ಸಲ ಯಾರೂ ಕರ್ಯಾಕ ಬರಲಿಲ್ಲ. ಕರೀದ ಬಂದೆ, ಹಿಂಗಾತು. ಮತ್ತ ಕರೀದ ಬರೂದು ಹ್ಯಾಂಗ?"

"ಕರ್ಯಾಕ ಬಂದೀನಲ್ಲ. ನಡಿ."

"ನಿಂದರ್ರಿ," ಎಂದು ಬಾಗಿಲ ಹಿಂದಿನಿಂದ ಬ್ಯಾಗ್ ಎಳೆದಳು. ಪಾಸ್‌ಪೋರ್ಟ್ ಅದರ ಮೇಲೇ ಇತ್ತು. ಯಾವಾಗ ತುಂಬಿಟ್ಟಿದ್ದಳೋ, ನಾನು ಕೇಳಲಿಲ್ಲ.

ಸೆಪ್ಟೆಂಬರ್‌ನಲ್ಲಿ ಸರ್ಜರಿ ಆಯಿತು. ಆ ಕಿಡ್ನಿ ಆಪರೇಷನ್ ಟೇಬಲ್ ಮೇಲೇ ಕೆಲಸ ಶುರು ಮಾಡಿತಂತೆ. ಶಾಂತಾ ನಾಲ್ಕು ವಾರ ನಮ್ಮ ಮನೆಯಲ್ಲೇ ಬಾಣಂತಿಯ ಹಾಗೆ ಇದ್ದಳು, ನಾನೇ ಬಡಿಸಿದೆ. ಇದನ್ನು ಬರೆಯುವ ಹೊತ್ತಿಗೆ ಮೂರು ತಿಂಗಳಾಗಿದೆ. ದೇಹ ಅದನ್ನು ತನ್ನದೆಂದು ಒಪ್ಪಿಕೊಳ್ಳಬೇಕು, ಒಪ್ಪದಿರುವ ದಿನವೂ ಬರಬಹುದು ಎಂದಿದ್ದಾರೆ ಡಾಕ್ಟರ್. ಪ್ರತಿ ಲ್ಯಾಬ್ ರಿಪೋರ್ಟನ್ನೂ ಎರಡೆರಡು ಸಲ ಓದುತ್ತೇನೆ.

ವೀರೇಶ್ ಕೆಳಹೊಟ್ಟೆಯ ಬಲಗಡೆ ಕೈಯಿಟ್ಟು, "ಏನ್ ತಂಗಿ, ಹೆಂಗದೀ?" ಎಂದು ಮಾತಾಡಿಸುತ್ತಾರೆ. ನನ್ನ ಹೊಟ್ಟೆ ಈಗಲೂ ಉರಿಯುತ್ತದೆ.

ಕಿಡ್ನಿಗೆ ದಿನಕ್ಕೆ ಮೂರು ಲೀಟರ್ ನೀರು ಬೇಕು. ಇವರಿಗೆ ನೆನಪಿರುವುದಿಲ್ಲ. ಗಂಟೆಗೊಮ್ಮೆ ಲೋಟ ತುಂಬಿ ಹೋಗಿ ಎದುರಿಗೆ ನಿಲ್ಲುತ್ತೇನೆ. ಕಿಡ್ನಿ ಅವಳದೇ ಇರಬಹುದು. ನೀರು ಕುಡಿಸುವವಳು ನಾನು.